ಬಾಯಾರದಿದ್ದರೂ ನೀರು ಬೇಕು

ಬಾಯಾರಿದಾಗ ಬಾವಿ ತೋಡಹೊರಟವನ ಗಾದೆ ನಮಗೆಲ್ಲ ಗೊತ್ತು. ಮುಂದಾಲೋಚನೆ ಇಲ್ಲದವರನ್ನು ಎಚ್ಚರಿಸಲು ಹಿರಿಯರು ಹೇಳಿದ ಮಾತದು. ಆದರೆ ನೀಲಗಿರಿಯ ಬೆಟ್ಟದ ಮೇಲೆ ಈ ಗಾದೆಯೂ ಸಾಲದು. ಅಲ್ಲಿನ ಚಳಿಯಲ್ಲಿ ಮನುಷ್ಯನಿಗೆ ಸುಲಭವಾಗಿ ಬಾಯಾರುವುದೇ ಇಲ್ಲ. ಬಾಯಾರದ ಮೇಲೆ ಬಾವಿಯ ನೆನಪಾದರೂ ಯಾರಿಗೆ ಬರಬೇಕು? ಬೆಳಗ್ಗೆ ಒಂದು ಲೋಟ ಚಹಾ, ಮಧ್ಯಾಹ್ನ ಊಟದೊಡನೆ ಅರ್ಧ ಲೋಟ ನೀರು, ಸಂಜೆ ಮತ್ತೊಂದು ಚಹಾ. ಅಷ್ಟರಲ್ಲಿ ದಿನ ಮುಗಿಯುತ್ತದೆ. ನಾಲ್ಕನೆಯ ದಿನ ತುಟಿ ಒಡೆಯಿತು, ಹಿಮ್ಮಡಿ ಬಿರಿಯಿತು, ಕೆನ್ನೆ ಬೂದಿ ಬಳಿದಂತಾಯಿತು ಎಂದು ಅಂಗಡಿಗೆ ಓಡುತ್ತೇವೆ. ಅಂಗಡಿಯಾತ ಒಂದು ಡಬ್ಬಿ ಕ್ರೀಮು ಕೊಡುತ್ತಾನೆ. ಮೇಲಿನ ಚರ್ಮಕ್ಕೆ ಡಬ್ಬಿ ಸಿಕ್ಕಿತು. ಒಳಗಿನ ದೇಹವನ್ನು ಮಾತ್ರ ಯಾರೂ ವಿಚಾರಿಸಲಿಲ್ಲ.

ಕಾಸರಗೋಡಿನ ಓದುಗರಿಗೆ ಊಟಿಯ ಚಳಿಯ ಮಾತೇಕೆ ಎಂದು ಕೇಳಬಹುದು. ಬೇಸಿಗೆ ರಜೆ ಬಂದೊಡನೆ, ಕ್ರಿಸ್‌ಮಸ್ ರಜೆ ಬಂದೊಡನೆ, ಮಡಿಕೇರಿ-ಮೈಸೂರಿನ ಮೇಲಾಗಿ ಗುಂಡ್ಲುಪೇಟೆ, ಬಂಡೀಪುರ ದಾಟಿ ಗೂಡಲೂರಿನ ಕಡೆಗೆ ಹೊರಡುವವರಲ್ಲಿ ನಮ್ಮ ಮನೆಗಳವರೂ ಇದ್ದಾರೆ. ಉದ್ಯೋಗಕ್ಕೆ, ಓದಿಗೆ, ಮದುವೆಯಾಗಿ ಆ ಕಡೆ ಸೇರಿದವರೂ ಇದ್ದಾರೆ. ಗೂಡಲೂರು, ಮಸಿನಗುಡಿಗಳಲ್ಲಿ ಕನ್ನಡವಾಡುವ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ನಮ್ಮಂತೆಯೇ ಅವರದೂ ಗಡಿಯ ಬದುಕು. ಆಸ್ಪತ್ರೆಯ ಗೋಡೆಯ ಸೂಚನೆ ಅವರಿಗೆ ತಮಿಳಿನಲ್ಲಿ, ನಮಗೆ ಮಲಯಾಳದಲ್ಲಿ. ಆದುದರಿಂದ ಮೈಗೆ ಬೇಕಾದ ನೀರಿನ ವಿಚಾರವನ್ನು ನಮ್ಮ ಮಾತಿನಲ್ಲಿ ಒಮ್ಮೆ ಕೂತು ಯೋಚಿಸುವುದು ಎರಡೂ ಕಡೆಯವರಿಗೆ ಹಿತ.

ಒಂದು ಜಿಲ್ಲೆ, ಮೂರು ಹವೆ

ನೀಲಗಿರಿ ಎಂದರೆ ಚಳಿ ಎಂದಷ್ಟೇ ತಿಳಿದವರು ಹಲವರು. ನಿಜವಾಗಿ ಅಲ್ಲಿ ಕೆಲವೇ ಮೈಲುಗಳ ಅಂತರದಲ್ಲಿ ಮೂರು ಬಗೆಯ ಹವೆಯಿದೆ. ಉದಕಮಂಡಲ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ಬೆಳಗ್ಗೆ ಅಲ್ಲಿನ ಹುಲ್ಲಿನ ಮೇಲೆ ಹಿಮ ಹೆಪ್ಪುಗಟ್ಟಿ ಬಿಳಿಯ ಹಾಸು ಹಾಸಿದಂತೆ ಕಾಣುತ್ತದೆ. ಗೂಡಲೂರು ಅದರ ಅರ್ಧದಷ್ಟು ಎತ್ತರದಲ್ಲಿದ್ದು, ನೈಋತ್ಯ ಮಾರುತದ ಮಳೆಯನ್ನು ಮೈತುಂಬ ಹೊಯ್ಯಿಸಿಕೊಳ್ಳುವ ಊರು. ಮಸಿನಗುಡಿಯಾದರೋ ಬೆಟ್ಟದ ಮರೆಯಲ್ಲಿರುವ ಒಣ ನೆಲ. ಗೂಡಲೂರಿನಲ್ಲಿ ಧಾರಾಕಾರ ಸುರಿಯುವಾಗ ಇಲ್ಲಿ ಒಣಗಾಳಿ ಬೀಸುವುದುಂಟು. ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿಯ 36 ಕಡಿದಾದ ತಿರುವುಗಳನ್ನು ಹತ್ತಿದರೆ ಊಟಿ. ಒಂದೆರಡು ಗಂಟೆಯೊಳಗೆ ಬೆವರುವ ಊರಿನಿಂದ ನಡುಗುವ ಊರಿಗೆ ಬಂದಿರುತ್ತೇವೆ.

ಕಡಲ ಕರೆಯ ನಮಗೆ ಬೆವರೇ ಗಡಿಯಾರ. ಮೈ ಒದ್ದೆಯಾದೊಡನೆ ಕೈ ತಾನಾಗಿ ಚೊಂಬಿನ ಕಡೆಗೆ ಹೋಗುತ್ತದೆ. ಮಸಿನಗುಡಿಯ ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಈ ಗಡಿಯಾರ ಅಷ್ಟು ನಂಬಿಕೆಯದಲ್ಲ. ಒಣಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ಊಟಿಯಲ್ಲಂತೂ ಗಡಿಯಾರವೇ ನಿಂತುಹೋಗುತ್ತದೆ.

ಚಳಿಯ ಮೋಸ

ನಿಂತುಹೋಗುವುದೇಕೆ? ವೈದ್ಯಶಾಸ್ತ್ರ ಇದಕ್ಕೆ ಸ್ಪಷ್ಟವಾದ ಕಾರಣ ಹೇಳುತ್ತದೆ. ಚಳಿ ತಾಗಿದಾಗ ಕೈಕಾಲು, ಚರ್ಮಗಳ ರಕ್ತನಾಳಗಳು ಕುಗ್ಗುತ್ತವೆ. ಶಾಖ ಉಳಿಸಿಕೊಳ್ಳಲು ರಕ್ತ ದೇಹದ ನಡುಭಾಗಕ್ಕೆ ಸರಿಯುತ್ತದೆ. ಅಲ್ಲಿ ರಕ್ತ ತುಂಬಿದುದನ್ನು ಕಂಡು ದೇಹ, ತನ್ನಲ್ಲಿ ನೀರು ಸಾಕಷ್ಟಿದೆ ಎಂದು ತಪ್ಪಾಗಿ ತಿಳಿಯುತ್ತದೆ. ಬಾಯಾರಿಕೆಯ ಕರೆ ತಗ್ಗುತ್ತದೆ. ಮೂತ್ರಪಿಂಡ ಮಾತ್ರ ಹೆಚ್ಚು ನೀರನ್ನು ಹೊರಹಾಕುತ್ತದೆ. ಚಳಿಯೂರಿಗೆ ಹೋದವರು ಮೇಲಿಂದ ಮೇಲೆ ಎದ್ದು ಹೋಗಬೇಕಾಗುವುದು ಈ ಕಾರಣದಿಂದಲೇ. ಅಂದರೆ ಖರ್ಚು ಹೆಚ್ಚಿತು, ಜಮೆ ಕಡಿಮೆಯಾಯಿತು. ಹೀಗೆ ನಡೆದ ಅಂಗಡಿ ಎಷ್ಟು ದಿನ ಬಾಳೀತು?

ಉಸಿರಿನಿಂದಲೂ ನೀರು ಹೋಗುತ್ತದೆ. 30 ಡಿಗ್ರಿ ಸೆಲ್ಸಿಯಸ್ ಶಾಖದ ಒಂದು ಘನಮೀಟರ್ ಗಾಳಿ ಸುಮಾರು 30 ಗ್ರಾಮಿನವರೆಗೆ ನೀರಾವಿಯನ್ನು ಹಿಡಿಯಬಲ್ಲುದು. ಸೊನ್ನೆ ಡಿಗ್ರಿಯ ಗಾಳಿ ಹಿಡಿಯುವುದು 5 ಗ್ರಾಮಿಗೂ ಸ್ವಲ್ಪ ಕಡಿಮೆ. ಅಂತಹ ಒಣ ಗಾಳಿಯನ್ನು ಒಳಗೆ ಎಳೆದು, ಮೈಯ ಶಾಖದಲ್ಲಿ ಬೆಚ್ಚಗೆ ಮಾಡಿ, ತೇವ ತುಂಬಿ ಹೊರಬಿಡುವ ಕೆಲಸ ನಮ್ಮ ಪುಪ್ಪುಸಗಳದು. ಊಟಿಯ ಬೆಳಗ್ಗೆ ಬಾಯಿಂದ ಹೊಗೆಯಂತೆ ಹೊರಡುವುದನ್ನು ಕಂಡು ಮಕ್ಕಳು ಕುಣಿಯುತ್ತಾರಲ್ಲ, ಅದು ಹೊಗೆಯಲ್ಲ, ಅವರ ದೇಹದ ನೀರು. ಮೇಲಾಗಿ ಆ ಎತ್ತರದಲ್ಲಿ ಗಾಳಿಯ ಒತ್ತಡ ಕಡಲ ಕರೆಯಲ್ಲಿರುವುದರ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಏರು ಹತ್ತುವಾಗ ಉಸಿರು ಬೇಗ ಬೇಗ ಆಡುತ್ತದೆ. ಆಡಿದಷ್ಟೂ ನೀರು ಹೋಗುತ್ತದೆ.

ಪ್ರಾಯದವರ ದೇಹದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇದೆ. ಅದು ಸ್ವಲ್ಪ ಇಳಿದರೂ ತಲೆನೋವು, ಆಯಾಸ, ಮಲಬದ್ಧತೆ, ಸಿಡುಕು ಕಾಣಿಸಿಕೊಳ್ಳುತ್ತವೆ. ಊಟಿಗೆ ಹೋದ ಎರಡನೆಯ ದಿನದ ತಲೆನೋವನ್ನು ನಾವು ಘಾಟಿಯ ತಿರುವಿನ ತಲೆಗೆ ಕಟ್ಟುತ್ತೇವೆ. ಎಷ್ಟೋ ಸಲ ಎರಡು ಲೋಟ ಬೆಚ್ಚನೆಯ ನೀರು ಕುಡಿದರೆ ಅದು ತಗ್ಗುತ್ತದೆ. ವೃದ್ಧರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ವಯಸ್ಸಾದಂತೆ ಬಾಯಾರಿಕೆಯ ಅರಿವು ಎಲ್ಲ ಊರುಗಳಲ್ಲಿಯೂ ಮಂದವಾಗುತ್ತದೆ. ಚಳಿ ಸೇರಿದರೆ ಅದು ಇಲ್ಲವೇ ಆಗುತ್ತದೆ. ಅಜ್ಜ ನೀರು ಕೇಳಲಿಲ್ಲ ಎಂದರೆ ಅಜ್ಜನಿಗೆ ನೀರು ಬೇಡವಾಗಿತ್ತು ಎಂದು ಅರ್ಥವಲ್ಲ.

ಚರ್ಮದ ಲೆಕ್ಕ ಬೇರೆ

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಹೆಚ್ಚು ಹೆಚ್ಚು ನೀರು ಕುಡಿದರೆ ಮುಖ ಹೊಳೆಯುತ್ತದೆ ಎಂದು ಹೇಳುವವರಿದ್ದಾರೆ. ಅದು ಅರ್ಧ ಸತ್ಯ. ದೇಹದಲ್ಲಿ ನೀರು ಕಡಿಮೆಯಾದರೆ ಚರ್ಮ ಬಾಡುವುದು ನಿಜ. ಆದರೆ ಸಾಕಷ್ಟು ಕುಡಿದವರು ಇನ್ನೂ ನಾಲ್ಕು ಲೋಟ ಕುಡಿದರೆ ಬಿರಿದ ಹಿಮ್ಮಡಿ ಕೂಡಿಕೊಳ್ಳುವುದಿಲ್ಲ. ಚರ್ಮದ ಹೊರಪದರದ ರಚನೆ ಕಲ್ಲುಗೋಡೆಯಂತೆ. ಸತ್ತ ಜೀವಕೋಶಗಳೇ ಇಟ್ಟಿಗೆ, ಅವುಗಳ ನಡುವಿನ ಜಿಡ್ಡೇ ಗಾರೆ. ಗಾರೆ ಗಟ್ಟಿಯಾಗಿದ್ದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಗಾರೆ ತೊಳೆದುಹೋದರೆ ಸಂದಿಯಿಂದ ತೇವ ಆರಿಹೋಗಿ ಗೋಡೆ ಬಿರುಕುಬಿಡುತ್ತದೆ.

ಚಳಿಯೂರಿನಲ್ಲಿ ಈ ಗಾರೆಯನ್ನು ತೊಳೆಯುವವರು ನಾವೇ. ನಡುಗುತ್ತ ಬಚ್ಚಲಿಗೆ ಹೋದವರು ಕುದಿಯುವಂತಹ ನೀರನ್ನು ಅರ್ಧ ಗಂಟೆ ಸುರಿದುಕೊಳ್ಳುತ್ತೇವೆ. ಮೈ ತುಂಬ ಎರಡು ಸಲ ಸಾಬೂನು ಉಜ್ಜುತ್ತೇವೆ. ಆರೋಗ್ಯವಂತ ಚರ್ಮದ ಸ್ವಭಾವ ತುಸು ಹುಳಿಯದು. ಸಾಮಾನ್ಯ ಸಾಬೂನಿನದು ಕ್ಷಾರ ಸ್ವಭಾವ. ಬಿಸಿನೀರು ಜಿಡ್ಡನ್ನು ಸಡಿಲಿಸಿದರೆ ಸಾಬೂನು ಅದನ್ನು ಹೊತ್ತೊಯ್ಯುತ್ತದೆ. ಬಳಿಕ ಒಲೆಯ ಮುಂದೋ ಹೀಟರಿನ ಮುಂದೋ ಕೂತು ಉಳಿದ ತೇವವನ್ನೂ ಆರಿಸುತ್ತೇವೆ. ಇಷ್ಟೆಲ್ಲ ಆದ ಮೇಲೆ ಡಬ್ಬಿಯ ಕ್ರೀಮು ಏನು ಮಾಡೀತು?

ನಮ್ಮ ಹಿರಿಯರ ಅಭ್ಯಂಜನದಲ್ಲಿ ಈ ತಿಳುವಳಿಕೆ ಇತ್ತು. ಎಣ್ಣೆ ಹಚ್ಚಿ, ಹದವಾದ ನೀರು ಹೊಯ್ದು, ಸೀಗೆಯನ್ನೋ ಕಡಲೆಹಿಟ್ಟನ್ನೋ ಬೇಕಾದಲ್ಲಿ ಮಾತ್ರ ತಿಕ್ಕುತ್ತಿದ್ದರು. ಇಂದಿಗೂ ಅದೇ ಕ್ರಮ ಸಾಕು. ನೀರು ಬೆಚ್ಚಗಿರಲಿ, ಸುಡದಿರಲಿ. ಹತ್ತು ನಿಮಿಷದಲ್ಲಿ ಸ್ನಾನ ಮುಗಿಯಲಿ. ಸಾಬೂನು ಕಂಕುಳು, ತೊಡೆಸಂದು, ಪಾದಗಳಿಗೆ ಸಾಕು. ಟವಲಿನಿಂದ ಉಜ್ಜದೆ ಒತ್ತಿ ಒರೆಸಿ, ಚರ್ಮದಲ್ಲಿ ಇನ್ನೂ ತೇವ ಇರುವಾಗಲೇ ತೆಂಗಿನೆಣ್ಣೆಯ ಒಂದು ತೆಳು ಲೇಪ ಕೊಟ್ಟರೆ ಆ ತೇವ ಒಳಗೆ ಉಳಿಯುತ್ತದೆ. ಒಣಚರ್ಮಕ್ಕೆ ತೆಂಗಿನೆಣ್ಣೆ ಹಿತವೆಂಬುದನ್ನು ವೈದ್ಯಕೀಯ ಪರೀಕ್ಷೆಗಳೂ ಒಪ್ಪಿವೆ. ಕಾಸರಗೋಡಿನಲ್ಲಿ ನೀರಿನಂತೆ ಹರಿಯುವ ಈ ಎಣ್ಣೆ ಊಟಿಯಲ್ಲಿ ಕಲ್ಲಿನಂತಾಗುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದು ಸಹಜ, ಕೆಟ್ಟಿತೆಂದು ಎಸೆಯಬೇಕಿಲ್ಲ. ಬಾಟಲಿಯನ್ನು ಬಿಸಿನೀರಿನಲ್ಲಿ ಐದು ನಿಮಿಷ ಇಟ್ಟರೆ ಕರಗುತ್ತದೆ. ಬಿರಿದ ಹಿಮ್ಮಡಿಗೆ ರಾತ್ರಿ ವ್ಯಾಸಲೀನ್ ಹಚ್ಚಿ ಹತ್ತಿಯ ಕಾಲುಚೀಲ ಹಾಕಿ ಮಲಗುವುದು ಕಡಿಮೆ ಖರ್ಚಿನ ಉಪಾಯ. ತುಟಿಯನ್ನು ನಾಲಗೆಯಿಂದ ಒದ್ದೆಮಾಡುವ ಅಭ್ಯಾಸ ಬಿಡಬೇಕು. ಉಗುಳು ಆರುವಾಗ ಇದ್ದ ತೇವವನ್ನೂ ಒಯ್ಯುತ್ತದೆ.

ಬಿಸಿಲಿನ ವಿಷಯದಲ್ಲಿಯೂ ಚಳಿ ಮೋಸ ಮಾಡುತ್ತದೆ. ಪ್ರತಿ ಸಾವಿರ ಮೀಟರ್ ಏರಿದಂತೆ ಸೂರ್ಯನ ಅತಿನೇರಳೆ ಕಿರಣಗಳ ತೀವ್ರತೆ ನೂರಕ್ಕೆ ಹತ್ತರಷ್ಟು ಹೆಚ್ಚುತ್ತದೆ. ಊಟಿಯ ಹಿತವಾದ ಬಿಸಿಲಿನಲ್ಲಿ ಮಧ್ಯಾಹ್ನವೆಲ್ಲ ಕೂತವರ ಮೂಗು, ಕೆನ್ನೆ ಕಪ್ಪಾಗಿ ಸಿಪ್ಪೆ ಏಳುವುದು ಇದರಿಂದ. ಒಂದು ಕೊಡೆ, ತಲೆಯ ಮೇಲೊಂದು ಸೆರಗು ಅಥವಾ ಟೊಪ್ಪಿ ಇದ್ದರೆ ಬಹಳಷ್ಟು ತಪ್ಪುತ್ತದೆ.

ಅಡುಗೆಮನೆಯ ನೀರು

ನಮಗೆ ದಿನಕ್ಕೆ ಬೇಕಾದ ನೀರಿನಲ್ಲಿ ನಾಲ್ಕನೆಯ ಒಂದು ಪಾಲಿನಷ್ಟು ಊಟದಿಂದಲೇ ಬರುತ್ತದೆ. ಇದನ್ನು ಅರಿತರೆ ಚಳಿಯಲ್ಲಿ ತಣ್ಣೀರು ಕುಡಿಯಲಾರದವರ ಕಷ್ಟ ಅರ್ಧ ಪರಿಹಾರವಾಗುತ್ತದೆ. ಕುಚ್ಚಿಲಕ್ಕಿಯ ಗಂಜಿ, ಅದರ ತೆಳಿ, ತಿಳಿಸಾರು, ಮಜ್ಜಿಗೆ, ತಂಬುಳಿ, ಇವೆಲ್ಲ ನೀರಿನ ವೇಷಗಳೇ ಅಲ್ಲವೆ? ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಟ್ಟು ಬಳಿಕ ಕ್ಷೇಮ ವಿಚಾರಿಸುವ ನಮ್ಮ ಪದ್ಧತಿಯಲ್ಲಿ ಉಪಚಾರದೊಡನೆ ವೈದ್ಯವೂ ಇದೆ. ಪುನರ್ಪುಳಿಯ ಶರಬತ್ತು, ಎಳನೀರು ನಮ್ಮ ಬೇಸಿಗೆಗೆ ಹೇಗೋ, ಶುಂಠಿ ಹಾಕಿದ ಬಿಸಿ ಸಾರು, ಜೀರಿಗೆ ಕುದಿಸಿದ ನೀರು ಬೆಟ್ಟದ ಚಳಿಗೆ ಹಾಗೆ.

ನೀಲಗಿರಿಯ ಬಡಗರ ಮಾತು ಕನ್ನಡಕ್ಕೆ ತೀರ ಹತ್ತಿರದ್ದು. ದೊಡ್ಡಬೆಟ್ಟ ಎಂಬ ಹೆಸರನ್ನು ಕೇಳಿದರೆ ಸಾಕು, ಕನ್ನಡಿಗನಿಗೆ ಅರ್ಥ ಹೇಳಿಕೊಡಬೇಕಾಗಿಲ್ಲ. ಬಡಗರ ಮನೆಗಳಲ್ಲಿ ಅವರೆಕಾಳು ಮುಂತಾದವುಗಳ ಸಾರಿಗೆ ಉದಕ ಎಂದೇ ಹೆಸರು. ಹಳೆಯ ಮೈಸೂರಿನ ಹಳ್ಳಿಗಳಲ್ಲಿಯೂ ಸಾರನ್ನು ಉದ್ಕ ಎನ್ನುವವರಿದ್ದಾರೆ. ರಾಗಿಹಿಟ್ಟಿನ ಮುದ್ದೆ, ಅದನ್ನು ಮುಳುಗಿಸುವಷ್ಟು ಉದಕ. ಚಳಿಯ ನಾಡಿನವರು ನೀರನ್ನು ಲೋಟದಲ್ಲಿ ಕುಡಿಯದಿದ್ದರೂ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಈಗ ಅಲ್ಲಿಯೂ ಇಲ್ಲಿಯೂ ಮಕ್ಕಳ ಕೈಯಲ್ಲಿ ಬಿಸ್ಕತ್ತು, ಮಿಕ್ಸ್ಚರು, ಬ್ರೆಡ್ಡು. ಒಣ ತಿಂಡಿ ಹೊಟ್ಟೆಗೆ ಹೋಗುವಾಗ ತೇವ ತರುವುದಿಲ್ಲ. ಅದರ ಉಪ್ಪು ಮಾತ್ರ ಇನ್ನಷ್ಟು ನೀರು ಬೇಡುತ್ತದೆ.

ನೀಲಗಿರಿಯ ತರಕಾರಿ ನಮ್ಮ ಸಂತೆಗಳಿಗೂ ಬರುತ್ತದೆ. ಮೂಲಂಗಿಯಲ್ಲಿ ನೂರಕ್ಕೆ 95, ಎಲೆಕೋಸಿನಲ್ಲಿ 92, ಗಜ್ಜರಿಯಲ್ಲಿ 88ರಷ್ಟು ನೀರೇ ಇದೆ. ಗಜ್ಜರಿಯಲ್ಲಿ ಎ ಜೀವಸತ್ವವಾಗಿ ಬದಲಾಗುವ ವಸ್ತುವೂ ಇದೆ. ಚರ್ಮಕ್ಕೂ ಕಣ್ಣಿಗೂ ಅದು ಬೇಕೇಬೇಕು. ಸ್ವಲ್ಪ ಎಣ್ಣೆಯ ಒಗ್ಗರಣೆಯೊಡನೆ ತಿಂದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ನಮ್ಮ ಬಸಳೆ, ಹರಿವೆ, ಮುಳ್ಳುಸೌತೆ, ಸೋರೆಕಾಯಿಗಳೂ ಇದರಲ್ಲಿ ಹಿಂದೆ ಬಿದ್ದವಲ್ಲ.

ಕೂನೂರು ಕಲಿಸಿದ ಪಾಠ

ಆಹಾರಕ್ಕೂ ಮೈಕಾಂತಿಗೂ ಇರುವ ಸಂಬಂಧವನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದ ಕೆಲಸ ನಮ್ಮ ದೇಶದಲ್ಲಿ ಬೇರುಬಿಟ್ಟದ್ದು ಇದೇ ನೀಲಗಿರಿಯಲ್ಲಿ ಎಂಬುದನ್ನು ಹೆಚ್ಚಿನವರು ಅರಿಯರು. ಊಟಿಯ ಕೆಳಗಿನ ಕೂನೂರಿನಲ್ಲಿರುವ ಪಾಸ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯ ಬೆರಿಬೆರಿ ರೋಗದ ವಿಚಾರಣೆಗೆಂದು ಕೆಲಸ ಆರಂಭಿಸಿದ. ದೇಶದ ಬೇರೆ ಬೇರೆ ಪ್ರಾಂತಗಳ ಊಟವನ್ನು ಇಲಿಗಳಿಗೆ ಉಣಿಸಿ ನೋಡಿದ. ಗೋದಿ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿ ತಿಂದ ಇಲಿಗಳು ಪುಷ್ಟವಾಗಿ ಬೆಳೆದವು. ಹಾಲು, ತರಕಾರಿ ಕಡಿಮೆಯಾಗಿ ಪಾಲಿಶ್ ಅಕ್ಕಿಯೇ ಹೆಚ್ಚಾದ ಊಟ ತಿಂದವು ಸೊರಗಿದವು. 1930ರ ದಶಕದಲ್ಲಿ ಅದೇ ಪ್ರಯೋಗಾಲಯದವರು ದಕ್ಷಿಣ ಭಾರತದ ಶಾಲಾಮಕ್ಕಳನ್ನು ಪರೀಕ್ಷಿಸಿದಾಗ, ಕಪ್ಪೆಯ ಚರ್ಮದಂತೆ ಒರಟಾದ ಮೈಯ ಮಕ್ಕಳು ಅವರ ಗಮನಕ್ಕೆ ಬಂದರು. ಆ ಒರಟುತನಕ್ಕೆ ಹಚ್ಚುವ ಎಣ್ಣೆಯ ಕೊರತೆಗಿಂತ ಉಣ್ಣುವ ಊಟದ ಕೊರತೆ ಕಾರಣವಾಗಿತ್ತು.

ಆ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಯಿತು. ಇಂದು ಅದನ್ನು ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂದು ಕರೆಯುತ್ತೇವೆ. ಆರೋಗ್ಯವಂತ ವ್ಯಕ್ತಿ ದಿನಕ್ಕೆ ಸುಮಾರು 8 ಲೋಟ, ಅಂದರೆ 2 ಲೀಟರ್ ನೀರು ಕುಡಿಯಬೇಕು, ಬಿಸಿಲಿನಲ್ಲಿ ದುಡಿಯುವವರು ಇನ್ನೂ ಹೆಚ್ಚು ಕುಡಿಯಬೇಕು ಎಂಬ ಮಾರ್ಗಸೂಚಿ ಈ ಸಂಸ್ಥೆಯದೇ. ಕೂನೂರಿನಲ್ಲಿ ಹುಟ್ಟಿದ ಸಂಸ್ಥೆಯ ಮಾತು ಕೂನೂರಿನ ನೆರೆಯವರಿಗೆ ತಲಪದಿದ್ದರೆ ಅದು ದೀಪದ ಬುಡದ ಕತ್ತಲೆಯಲ್ಲವೆ?

ಚಹಾದ ವಿಚಾರವನ್ನೂ ಹೇಳಿಬಿಡೋಣ. ಚಹಾ ಮೈಯನ್ನು ಒಣಗಿಸುತ್ತದೆ ಎಂಬುದು ಉತ್ಪ್ರೇಕ್ಷೆ. ಮಿತವಾಗಿ ಕುಡಿದ ಚಹಾದ ನೀರೂ ದೇಹಕ್ಕೆ ಜಮೆಯಾಗುತ್ತದೆ. ದೋಷವಿರುವುದು ಬೇರೆಡೆ. ಪ್ರತಿ ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕಿ ಆರು ಲೋಟ ಕುಡಿದರೆ ನೀರಿಗಿಂತ ಸಕ್ಕರೆಯ ಲೆಕ್ಕವೇ ಬೆಳೆಯುತ್ತದೆ. ಊಟದೊಡನೆ ಕುಡಿದರೆ ಅನ್ನ, ಸೊಪ್ಪಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಆದುದರಿಂದ ಊಟಕ್ಕೂ ಚಹಾಕ್ಕೂ ಒಂದು ಗಂಟೆಯಾದರೂ ಅಂತರವಿರಲಿ. ರಕ್ತಹೀನತೆಯುಳ್ಳ ಹೆಂಗಸರು ಇದನ್ನು ವಿಶೇಷವಾಗಿ ಗಮನಿಸಬೇಕು.

ಬೇಕೆಂದೇ ಬಾಯಿ ಕಟ್ಟುವವರು

ಇಷ್ಟರವರೆಗೆ ಬಾಯಾರದೆ ಕುಡಿಯದವರ ಮಾತಾಯಿತು. ಬಾಯಾರಿದರೂ ಕುಡಿಯದವರಿದ್ದಾರೆ. ಅವರ ಸಂಗತಿ ಹೆಚ್ಚು ಕಷ್ಟದ್ದು. ಬೆಳಗ್ಗೆ ಚಹಾತೋಟದ ಇಳಿಜಾರಿಗೆ ಇಳಿದ ಹೆಣ್ಣುಮಗಳು ಸಂಜೆ ಮನೆ ಸೇರುವವರೆಗೆ ನೀರಿನ ಬಾಟಲಿಯ ಮುಚ್ಚಳ ತೆರೆಯುವುದಿಲ್ಲ. ಕುಡಿದರೆ ಹೋಗಬೇಕಾಗುತ್ತದೆ, ಹೋಗಲು ಬಾಗಿಲಿರುವ ಸ್ಥಳವಿಲ್ಲ. ಶಾಲೆಗೆ ಹೋದ ಹುಡುಗಿಯದೂ ಇದೇ ಕಥೆ. ಅಷ್ಟು ದೂರ ಹೋಗುವುದೇಕೆ? ಮಂಗಳೂರಿನ ಆಸ್ಪತ್ರೆಗೋ ಮದುವೆಗೋ ಬಸ್ಸಿನಲ್ಲಿ ಹೊರಟ ನಮ್ಮ ಮನೆಗಳ ತಾಯಂದಿರು ಬೆಳಗ್ಗಿನಿಂದಲೇ ಬಾಯಿ ಕಟ್ಟುವುದನ್ನು ನಾವು ಕಂಡಿಲ್ಲವೆ? ಚಳಿಯೂರಿನಲ್ಲಿ ಮೂತ್ರ ಹೆಚ್ಚಾಗುವುದರಿಂದ ಅಲ್ಲಿಯವರ ಪಾಡು ಎರಡು ಪಾಲು ಕಷ್ಟ. ಹೀಗೆ ವರ್ಷಾನುಗಟ್ಟಲೆ ನೀರನ್ನೂ ಮೂತ್ರವನ್ನೂ ತಡೆದವರಿಗೆ ಉರಿಮೂತ್ರ, ಮೂತ್ರಕೋಶದ ಸೋಂಕು, ಕಲ್ಲು ಬರುವ ಸಂಭವ ಹೆಚ್ಚು. ಇಂಥವರಿಗೆ ನೀರು ಕುಡಿ ಎಂದು ಉಪದೇಶಿಸುವುದು ಸುಲಭ. ಆದರೆ ಆ ಉಪದೇಶದಲ್ಲಿ ನ್ಯಾಯವಿಲ್ಲ.

ತೋಟಗಳಲ್ಲಿ ಕುಡಿಯುವ ನೀರನ್ನೂ, ಹೆಂಗಸರಿಗೆ ಗಂಡಸರಿಗೆ ಬೇರೆ ಬೇರೆ ಶೌಚಾಲಯಗಳನ್ನೂ ಒದಗಿಸಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿಯೇ ಬರೆದಿತ್ತು. ಆ ಕಾಯ್ದೆಯನ್ನು ಈಗ 2020ರ ಕಾರ್ಮಿಕ ಸುರಕ್ಷತಾ ಸಂಹಿತೆಯಲ್ಲಿ ಸೇರಿಸಲಾಗಿದೆ. ಕಾಗದದ ಮೇಲೆ ನೀರೂ ಇದೆ, ಬಾಗಿಲೂ ಇದೆ. ಎಲೆ ಕೀಳುವ ಸಾಲಿನಿಂದ ಅವು ಎಷ್ಟು ದೂರ ಎಂಬುದೇ ಪ್ರಶ್ನೆ. ಮೇಲಾಗಿ ನೀಲಗಿರಿಯಲ್ಲಿ ಸಣ್ಣ ಹಿಡುವಳಿಯ ಬೆಳೆಗಾರರೇ ಬಹಳ. 5 ಹೆಕ್ಟೇರಿಗಿಂತ ಕಡಿಮೆಯ ತೋಟಗಳು ಆ ಹಳೆಯ ಕಾಯ್ದೆಯ ಅಂಕೆಗೆ ಬರುವಂತಿರಲಿಲ್ಲ. ಅಂಥಲ್ಲಿ ದುಡಿಯುವವರ ಅನುಕೂಲ ಪಂಚಾಯತಿನ ಮನಸ್ಸನ್ನೂ ನೆರೆಹೊರೆಯ ಸೌಜನ್ಯವನ್ನೂ ಅವಲಂಬಿಸಿದೆ.

ಕೇರಳದ ಶಾಲೆಗಳಲ್ಲಿ 2024ರಲ್ಲಿ ‘ವಾಟರ್ ಬೆಲ್’ ಬಂತು. ಬೆಳಗ್ಗೆ ಹತ್ತೂವರೆಗೆ ಒಮ್ಮೆ, ಮಧ್ಯಾಹ್ನ ಎರಡೂವರೆಗೆ ಒಮ್ಮೆ ಗಂಟೆ ಬಾರಿಸಿದಾಗ ಮಕ್ಕಳೆಲ್ಲ ನೀರು ಕುಡಿಯಬೇಕು. ತಮಿಳುನಾಡಿನಲ್ಲಿಯೂ 2025ರಲ್ಲಿ ಇಂತಹ ಗಂಟೆ ಆರಂಭವಾಯಿತು. ಬಾಯಾರಿಕೆಯ ಬದಲು ಗಡಿಯಾರವನ್ನು ನಂಬಬೇಕೆಂಬ ಈ ಕ್ರಮ ಬಹಳ ಒಳ್ಳೆಯದು. ಅದರಲ್ಲಿಯೂ ಊಟಿಯಂತಹ ಊರಿಗೆ ಇದು ಹೇಳಿಮಾಡಿಸಿದಂತಿದೆ. ಆದರೆ ನೀರಿನ ಗಂಟೆ ಬಾರಿಸಿದ ಶಾಲೆ ಶೌಚಾಲಯದ ಚಿಲಕವನ್ನೂ ನೋಡಬೇಕು. ಅಲ್ಲಿ ನೀರು ಬರುತ್ತದೆಯೇ, ಒಳಗಿನಿಂದ ಬಾಗಿಲು ಹಾಕಲಾಗುತ್ತದೆಯೇ ಎಂದು ರಕ್ಷಕ-ಶಿಕ್ಷಕ ಸಂಘದವರು ತಿಂಗಳಿಗೊಮ್ಮೆ ಕಣ್ಣಾರೆ ನೋಡಿ ಬರಲಿ. ಆ ಚಿಲಕ ಮುರಿದಿದ್ದರೆ ಗಂಟೆ ಎಷ್ಟು ಬಾರಿಸಿದರೂ ಹುಡುಗಿಯರು ಎರಡು ಗುಟುಕಿನ ನಾಟಕ ಮಾಡಿ ಬಾಟಲಿ ಮುಚ್ಚುತ್ತಾರೆ.

ಮನೆಯಲ್ಲೊಂದು ಗಂಟೆ

ಶಾಲೆಯ ಗಂಟೆಯನ್ನು ಮನೆಗೂ ತರಬಹುದು. ಎದ್ದೊಡನೆ ಒಂದು ಲೋಟ ಬೆಚ್ಚನೆಯ ನೀರು. ಹತ್ತು ಗಂಟೆಗೆ ಒಂದು, ಊಟಕ್ಕೆ ಮುಂಚೆ ಒಂದು, ಊಟದಲ್ಲಿ ಸಾರು ಅಥವಾ ಮಜ್ಜಿಗೆ. ಮೂರು ಗಂಟೆಗೆ ಒಂದು, ಸಂಜೆ ಒಂದು, ರಾತ್ರಿ ಊಟದ ಹೊತ್ತಿಗೆ ಒಂದು. ಇದಕ್ಕೆ ಖರ್ಚಿಲ್ಲ. ಸಾಕಾಯಿತೇ ಎಂದು ತಿಳಿಯಲು ಯಂತ್ರವೂ ಬೇಡ. ಮೂತ್ರ ಒಣಹುಲ್ಲಿನ ತಿಳಿ ಬಣ್ಣದ್ದಾಗಿದ್ದರೆ ಸಾಕು. ಗಾಢ ಹಳದಿಯಾದರೆ ಕಡಿಮೆಯಾಯಿತೆಂದು ಲೆಕ್ಕ. ಬಿ ಜೀವಸತ್ವದ ಮಾತ್ರೆ ತಿನ್ನುವವರಿಗೆ ಮಾತ್ರ ಈ ಲೆಕ್ಕ ಹಿಡಿಯದು.

ಕೆಲವು ಎಚ್ಚರಿಕೆಗಳೂ ಇವೆ. ಒಮ್ಮೆಲೇ ಎರಡು ಮೂರು ಲೀಟರ್ ಸುರಿದುಕೊಳ್ಳುವುದು ಅಪಾಯ. ಹೃದಯದ, ಮೂತ್ರಪಿಂಡದ ಕಾಯಿಲೆಯವರು ವೈದ್ಯರು ಹೇಳಿದಷ್ಟೇ ಕುಡಿಯಬೇಕು. ಆರು ತಿಂಗಳೊಳಗಿನ ಕೂಸಿಗೆ ತಾಯಿಯ ಹಾಲಲ್ಲದೆ ಹನಿ ನೀರೂ ಬೇಡ. ಆ ಹಾಲಿನಲ್ಲಿಯೇ ಬೇಕಾದ ನೀರಿದೆ. ವಾಂತಿಭೇದಿಯಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಸ್ವಲ್ಪ ಸ್ವಲ್ಪವೇ ಕುಡಿಸುತ್ತ ಆಸ್ಪತ್ರೆಗೆ ಒಯ್ಯಬೇಕು. ಬೆಟ್ಟದ ಮೇಲೆ ನೀರು ಕುದಿಸುವವರು ಇನ್ನೊಂದನ್ನು ನೆನಪಿಡಬೇಕು. ಊಟಿಯ ಎತ್ತರದಲ್ಲಿ ನೀರು 100 ಡಿಗ್ರಿಗೆ ಬರುವ ಮೊದಲೇ, ಸುಮಾರು 92-93 ಡಿಗ್ರಿಯಲ್ಲಿ ಕುದಿಯುತ್ತದೆ. ಆದುದರಿಂದ ಕೊತಕೊತ ಕುದಿ ಬಂದ ಮೇಲೆ 3 ನಿಮಿಷ ಹಾಗೆಯೇ ಬಿಡಬೇಕು.

ಪ್ರವಾಸಕ್ಕೆ ಹೋಗುವವರು ಮನೆಯಿಂದಲೇ ಸ್ಟೀಲಿನ ಬಾಟಲಿ ಒಯ್ಯುವುದು ಒಳಿತು. ನೀಲಗಿರಿ ಜಿಲ್ಲೆಯಲ್ಲಿ 2019ರಿಂದ ಪ್ಲಾಸ್ಟಿಕ್ ನೀರಿನ ಬಾಟಲಿಗೆ ನಿಷೇಧವಿದೆ. ಅದರ ಬದಲಿಗೆ ನೀರು ತುಂಬಿಕೊಳ್ಳುವ ಯಂತ್ರಗಳನ್ನು ಇಟ್ಟಿದ್ದಾರೆ. ಬಾಟಲಿ ಮರೆತವರು ದಿನವಿಡೀ ಚಹಾದ ಅಂಗಡಿಯನ್ನೇ ನೆಚ್ಚಬೇಕಾದೀತು. ಆ ಬೆಟ್ಟದಲ್ಲಿ ಆನೆ, ಕಾಡೆಮ್ಮೆಗಳಿಗೂ ಪಾಲಿರುವುದರಿಂದ ಈ ನಿಷೇಧವನ್ನು ತೊಂದರೆಯೆಂದು ಬಗೆಯಬಾರದು.

ಕೊನೆಯದಾಗಿ ಭಾಷೆಯ ಒಂದು ಮಾತು. ದೇಹದ ನೀರು ಇಳಿಯುವುದಕ್ಕೆ ಕನ್ನಡದ ಪುಸ್ತಕಗಳಲ್ಲಿಯೂ ಮಲಯಾಳದ ಫಲಕಗಳಲ್ಲಿಯೂ ‘ನಿರ್ಜಲೀಕರಣ’ ಎಂಬ ಒಂದೇ ಭಾರವಾದ ಪದವಿದೆ. ಇದನ್ನು ಓದಿ ಮನೆಯ ಅಜ್ಜಿಗೆ ಏನೂ ತಿಳಿಯದು. ‘ಮೈಯ ನೀರು ಇಳಿದಿದೆ, ಒಂದು ಲೋಟ ಗಂಜಿತೆಳಿ ಕುಡಿ’ ಎಂದರೆ ತಕ್ಷಣ ತಿಳಿಯುತ್ತದೆ. ಆರೋಗ್ಯ ಇಲಾಖೆಯವರು ಗಡಿಯ ಊರುಗಳಲ್ಲಿ ಫಲಕ ಬರೆಸುವಾಗ ಕನ್ನಡವನ್ನೂ ಸೇರಿಸಲಿ. ಸೇರಿಸುವಾಗ ಅಜ್ಜಿಗೆ ತಿಳಿಯುವ ಕನ್ನಡ ಬರೆಯಲಿ. ಅವರು ಬರೆಯುವವರೆಗೆ ಆ ಕೆಲಸ ಮನೆಮಂದಿಯದು. ಮನೆಯಲ್ಲಿರುವ ವೃದ್ಧರನ್ನು, ಶಾಲೆಯಿಂದ ಬಂದ ಹುಡುಗಿಯನ್ನು, ದುಡಿದು ಬಂದ ಸೊಸೆಯನ್ನು ಈ ದಿನ ನೀರು ಕುಡಿದೆಯಾ ಎಂದು ಒಮ್ಮೆ ಕೇಳೋಣ. ಇಲ್ಲವೆಂದರೆ, ಏಕೆ ಕುಡಿಯಲಿಲ್ಲ ಎಂಬ ಎರಡನೆಯ ಪ್ರಶ್ನೆಯನ್ನೂ ಕೇಳೋಣ. ಉತ್ತರ ಚಳಿಯಾದರೆ ನೀರು ಕಾಯಿಸಿ ಕೊಡೋಣ. ಉತ್ತರ ಬಾಗಿಲಿಲ್ಲದ ಶೌಚಾಲಯವಾದರೆ ನಾಳೆಯೇ ಪಂಚಾಯತಿನ ಮೆಟ್ಟಿಲು ಹತ್ತೋಣ.